ಜನವರಿಯವರೆಗೆ ತಡ್ಕೊಳ್ತೀಯಾ?

ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಏಳುತ್ತಿದ್ದ ನೋವನ್ನು ಮೆಹರುನ್ನೀಸಾ ಐದು ತಿಂಗಳು ಯಾರಿಗೂ ಹೇಳಲಿಲ್ಲ. ಮೊದಲು ಎಣ್ಣೆ ಬಿಟ್ಟಳು, ಆಮೇಲೆ ಮಾಂಸ, ಕೊನೆಗೆ ಮಜ್ಜಿಗೆ ಅನ್ನಕ್ಕೆ ಬಂದು ನಿಂತಳು. ಹಬ್ಬದ ದಿನ ಬಿರಿಯಾನಿ ಮಾಡಿ ಎಲ್ಲರಿಗೂ ಬಡಿಸಿದಳು. ತಾನು ಮಾತ್ರ ಒಂದು ತುತ್ತೂ ಬಾಯಿಗಿಡಲಿಲ್ಲ.

ಹೇಳದಿರಲು ಕಾರಣವಿತ್ತು. ಮೈಸೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ಗಂಡನ ವೀಸಾದ ನೆರಳಲ್ಲಿ ದೇಶ ಬಿಟ್ಟು ಟೋಟೆಮ್ ಲೇಕ್ ಎಂಬ ಊರಿಗೆ ಬಂದಿದ್ದಳು. ಇಲ್ಲಿ ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬಾರದು. ಗಂಡ ವಹಾಬ್‌ಗೆ ಹತ್ತಿರದ ಫ್ಯಾಕ್ಟೋರಿಯಾ ಎಂಬಲ್ಲಿನ ಆಫೀಸೊಂದರಲ್ಲಿ ಕೆಲಸ. ಆ ವರ್ಷ ಅವನು ಕಡಿಮೆ ಕಂತಿನ ವಿಮೆ ಆರಿಸಿದ್ದ. ಅದರಲ್ಲಿ ಪ್ರತಿ ವರ್ಷವೂ ಮೊದಲ ಮೂರು ಸಾವಿರ ಡಾಲರ್ ತನಕ ಆಸ್ಪತ್ರೆಯ ಖರ್ಚೆಲ್ಲ ಮನೆಯವರದೇ. ಅದಕ್ಕೆಂದೇ ಆರೋಗ್ಯ ಉಳಿತಾಯ ಖಾತೆಯೊಂದಿತ್ತು. ಕಂಪನಿ ಸ್ವಲ್ಪ ಹಾಕುತ್ತದೆ, ಸಂಬಳದಿಂದ ನಾವೂ ಹಾಕಬಹುದು, ತೆರಿಗೆಯಿಲ್ಲ.

"ಖರ್ಚು ಮಾಡ್ದೇ ಇದ್ರೆ ಮುಂದಿನ ವರ್ಷಕ್ಕೂ ಹೋಗುತ್ತೆ ಮೆಹರ್. ಕೆಲ್ಸ ಬಿಟ್ರೂ ನಮ್ದೇ. ಮುಟ್ಟಬಾರ್ದು, ಬೆಳೀಲಿ ಬಿಡು," ಎಂದು ವಹಾಬ್ ಹಿಗ್ಗಿದ್ದ. ಮಗಳು ಆಯತ್‌ಗೆ ಕಿವಿನೋವು ಬಂದು ಆ ಖಾತೆಯ ಕಾರ್ಡು ಉಜ್ಜಬೇಕಾದಾಗ ಅವನ ಮುಖ ಸಣ್ಣಗಾದದ್ದನ್ನು ಅವಳು ನೋಡಿದ್ದಳು. ಅಂದಿನಿಂದ ಬಾಯಿ ಕಟ್ಟಿತು.

ಆಗಸ್ಟಿನಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಕುಸಿದು ಕೂತವಳನ್ನು ಪಕ್ಕದ ಮನೆಯ ಸೌಜನ್ಯ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ಪಿತ್ತಕೋಶದ ತುಂಬ ಕಲ್ಲು. ಬೇಗ ಆಪರೇಷನ್ ಆಗಬೇಕು ಎಂದರು ಡಾಕ್ಟರು.

ಸಂಜೆ ಗಂಡನಿಗೆ ಹೇಳಿದಳು. ಅವನ ಬಾಯಿಂದ ಬಂದ ಮೊದಲ ಮಾತು, "ಎಷ್ಟಾಗುತ್ತಂತೆ?"

ಮರುದಿನ ಅವನು ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದ. ನಡುವರ್ಷದಲ್ಲಿ ವಿಮೆ ಬದಲಿಸುವ ಹಾಗಿಲ್ಲ. ಮದುವೆಯಾದರೆ, ಮಗು ಹುಟ್ಟಿದರೆ ಸರಿ. ಕಾಯಿಲೆ ಬಿದ್ದರೆ ಇಲ್ಲ. ನವೆಂಬರಿನಲ್ಲಿ ಬದಲಿಸಿದರೆ ಹೊಸದು ಶುರುವಾಗುವುದು ಹೊಸ ವರ್ಷಕ್ಕೆ.

"ಜನವರಿಯವರೆಗೆ ತಡ್ಕೊಳ್ತೀಯಾ?" ಕೇಳುವಾಗ ಅವನು ನೆಲ ನೋಡುತ್ತಿದ್ದ.

"ಊರಿಗೆ ಹೋಗಿ ಮಾಡಿಸ್ಕೊಂಡು ಬರ್ಲಾ?"

"ವಾಪಸ್ ಬರೋಕೆ ವೀಸಾ ಸ್ಟ್ಯಾಂಪಿಂಗ್ ಆಗ್ದೆ ಅಲ್ಲೇ ಸಿಕ್ಕಾಕೊಂಡ್ರೆ? ಆಯತ್ ಸ್ಕೂಲು?"

ಎತ್ತ ತಿರುಗಿದರೂ ಗೋಡೆ. "ರೀ, ಆ ಖಾತೆ ಯಾತಕ್ಕೆ ಅಂತ ಇಟ್ಟಿದ್ದು?"

"ಆರೋಗ್ಯಕ್ಕೆ..."

"ಯಾರ ಆರೋಗ್ಯಕ್ಕೆ?"

"ನಂಗೆ ಈ ಕೆಲ್ಸ ಯಾವಾಗ ಹೋಗುತ್ತೋ ಅಂತ ಭಯ ಮೆಹರ್. ಆ ದುಡ್ಡೊಂದೇ ಕೈಯಲ್ಲಿರೋದು ಅನ್ಸುತ್ತೆ," ಎಂದ ವಹಾಬ್. ಅವಳಿಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಅವನೂ ತನ್ನಂತೆಯೇ ಬಾಗಿಲು ಕಾಣದೆ ಕೂತವನು.

ಬೆಳಿಗ್ಗೆ ಅವನು ಹೊರಟ ಮೇಲೆ ಆಸ್ಪತ್ರೆಗೆ ತಾನೇ ಫೋನು ಮಾಡಿದಳು. ಸಂಜೆ ಅವನು ಶೂ ಬಿಚ್ಚುವ ಮೊದಲೇ, "ಮುಂದಿನ ಮಂಗಳವಾರಕ್ಕೆ ಡೇಟ್ ತಗೊಂಡಿದೀನಿ. ರಜಾ ಹಾಕಿ," ಎಂದಳು. ಅವನು ತಲೆಯಾಡಿಸಿದ.

ಆಪರೇಷನ್ ಸಲೀಸಾಗಿ ಆಯಿತು. ಖಾತೆ ಬರಿದಾಯಿತು, ಉಳಿದದ್ದನ್ನು ಆಸ್ಪತ್ರೆಗೆ ಕಂತಿನಲ್ಲಿ ಕಟ್ಟಬೇಕಾಯಿತು. ಬೇರೆ ಕಂಪನಿಯೊಂದರಿಂದ ಕರೆ ಬಂದಿದ್ದರೂ ವಹಾಬ್ ಹೋಗಲಿಲ್ಲ. ಹೋದರೆ ಹೊಸ ವಿಮೆ, ಮತ್ತೆ ಮೊದಲಿಂದ ಕೈಯಿಂದಲೇ ಖರ್ಚು. ಇದೇ ಕಂಪನಿಯಲ್ಲಾದರೆ ಈ ವರ್ಷದ ಮನೆಯವರ ಪಾಲು ಮುಗಿದು, ಹೆಚ್ಚಿನದನ್ನೆಲ್ಲ ಈಗ ವಿಮೆಯೇ ಕೊಡುತ್ತಿತ್ತು.

ಅಕ್ಟೋಬರಿನ ಒಂದು ಸಂಜೆ ಅವನೇ ಅವಳ ಹತ್ತಿರ ಬಂದು ಕೂತ. "ಮೊಣಕಾಲು ನೋವು ಅಂತಿದ್ಯಲ್ಲ? ಡಿಸೆಂಬರ್ ಒಳಗೆ ತೋರಿಸ್ಬಿಡು. ಜನವರಿಯಿಂದ ಮತ್ತೆ ನಮ್ಮ ಕೈಯಿಂದ್ಲೇ."

ಮೆಹರುನ್ನೀಸಾಳಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಕಣ್ಣು ತುಂಬಿತು. "ಕಾಯಿಲೆ ಬೀಳೋಕೂ ನಿಮ್ಮ ಕಂಪನಿ ಕ್ಯಾಲೆಂಡರ್ ನೋಡ್ಬೇಕೇನ್ರೀ?" ಎಂದಳು.