ಅಪ್ಪನ ಗಡ್ಡಕ್ಕೊಂದು ರೇಜರು

ಆಗಸ್ಟ್ ಒಂಬತ್ತು, ಭಾನುವಾರ, ಬೆಳಿಗ್ಗೆ ಎಂಟೂ ಕಾಲು.

ನನಗೆ ಗಡ್ಡವಿಲ್ಲ, ಬರುವ ಲಕ್ಷಣವೂ ಇಲ್ಲ. ಆದರೂ ಒಂದು ತಿಂಗಳಿನಿಂದ ಈ ಹೆಣ್ಣುಮಗಳ ದಿನಚರಿಯಲ್ಲಿ ಗಡ್ಡದ ಹೊರತು ಬೇರೆ ವಿಷಯವಿಲ್ಲ. ಹೊಸದಾಗಿ ಕ್ಷೌರ ಕಲಿಯುವವರು ಯಾವ ರೇಜರು, ಯಾವ ಬ್ಲೇಡು, ಯಾವ ಬ್ರಷ್ಷು ಕೊಳ್ಳಬೇಕೆಂದು ಹೇಳಿಕೊಡುವ ಜನ ಮೊಬೈಲಿನ ತುಂಬ ಇದ್ದಾರೆ. ಅವರೆಲ್ಲರೂ ನೊರೆ ಹಚ್ಚಿಕೊಳ್ಳುವುದು ತಮ್ಮದೇ ಕೆನ್ನೆಗೆ. ನಾನು ಕಲಿಯಬೇಕಾಗಿದ್ದದ್ದು ಅಪ್ಪನ ಕೆನ್ನೆಯ ಮೇಲೆ.

ಅಪ್ಪ ಬಾಳೂರಿನಿಂದ ಕಳಸದ ಕಡೆಗೆ ಮೂವತ್ತು ವರ್ಷ ಜೀಪು ಓಡಿಸಿದವರು. ಎಸ್ಟೇಟಿನ ಆಳುಗಳನ್ನು ಹತ್ತಿಸಿಕೊಳ್ಳುವ ಮೊದಲು, ಜೀಪಿನ ಕನ್ನಡಿಯಲ್ಲೇ ನೋಡಿಕೊಂಡು ಗಡ್ಡ ಹೆರೆದು ಹೊರಡುತ್ತಿದ್ದರು. ಈ ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಬಾಯಿ ಬಲಗಡೆ ತುಸು ಜೋತಿತು. ಮಾತು ಮಾತ್ರ ಉಳಿಯಿತು. ಗಡ್ಡ ಬೆಳೆಯುತ್ತ ಹೋದಂತೆ ಅಪ್ಪ ಜಗಲಿಗೆ ಬರುವುದನ್ನೇ ಬಿಟ್ಟರು. ಸಂಜೆ ಜೊತೆಯ ಡ್ರೈವರುಗಳು ಬಂದು ಕೂಗಿದರೆ, "ಮಲಗಿದಾರೆ ಅನ್ನು" ಎನ್ನುತ್ತಿದ್ದರು. ಕ್ಷೌರದಂಗಡಿಯವರನ್ನು ಮನೆಗೇ ಕರೆಸಲೇ ಎಂದು ಕೇಳಿದೆ. "ಈ ಸೊಟ್ಟ ಬಾಯಿ ಊರಿಗೆಲ್ಲ ತೋರಿಸ್ಬೇಕಾ ಮಾರಾಯ್ತಿ?" ಎಂದು ಗೋಡೆಯ ಕಡೆ ತಿರುಗಿಕೊಂಡರು.

ಡಾಕ್ಟರು ಟ್ರಿಮ್ಮರೇ ವಾಸಿ ಎಂದಿದ್ದರು. ಅಪ್ಪ ನುಂಗುವ ಮಾತ್ರೆಯಿಂದ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲವಂತೆ. ಸರಿ, ಒಂದನ್ನು ತರಿಸಿದೆ. ಅದರ ಗುರ್ರೆನ್ನುವ ಸದ್ದಿಗೇ ಅಪ್ಪ ಮುಖ ಹಿಂದಕ್ಕೆಳೆದುಕೊಂಡರು.

"ನನ್ನ ಮುಖ ಏನು ಕಾಫಿ ತೋಟವಾ, ವೀಡ್ ಕಟರ್ ಹೊಡೀಲಿಕ್ಕೆ?"

ಇದನ್ನು ಹೇಳಿದಾಗ ಡಾಕ್ಟರು ನಕ್ಕರು. ಮೆಲ್ಲಗೆ ಮಾಡಿ, ಕೊಯ್ದರೆ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ಬನ್ನಿ ಎಂದರು.

ಮೂಡಿಗೆರೆಯ ಅಂಗಡಿಯಲ್ಲಿ ಸೇಫ್ಟಿ ರೇಜರು ಕೇಳಿದೆ. "ಯಜಮಾನ್ರಿಗಾ?" ಎಂದರು ಅಂಗಡಿಯವರು.

"ಅಲ್ಲ, ನಂಗೆ. ಕಲೀಲಿಕ್ಕೆ."

ಅವರು ನನ್ನ ಗಲ್ಲವನ್ನೊಮ್ಮೆ ನೋಡಿದರು. ಕಾರಣ ಹೇಳಿದ ಮೇಲೆ ಒಂದು ಡಬ್ಬಿ ಕೆಳಗಿಳಿಸುತ್ತ, "ಹಾಗಾದ್ರೆ ಬಲೂನೂ ತಗೊಂಡು ಹೋಗಿ" ಎಂದರು.

ಕೊಂಡ ರೇಜರು, ಬ್ಲೇಡಿನ ಅಂಚನ್ನು ಹೆಚ್ಚು ಹೊರಚಾಚದ, ಕೈಗೆ ತೂಕವೆನಿಸುವಂಥದು. ಬ್ರಷ್ಷು ನೈಲಾನಿನದು. ಪ್ರಾಣಿಯ ಕೂದಲಿನದೇ ಶ್ರೇಷ್ಠ ಎನ್ನುತ್ತಾರೆ. ಆದರೆ ಕಂಬಳಿಗೂ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ಅದು ಒಣಗುವ ಹೊತ್ತಿಗೆ ದೀಪಾವಳಿ ಬಂದಿರುತ್ತದೆ. ಅದೇ ಕಾರಣಕ್ಕೆ ಸೋಪಿನ ಬಿಲ್ಲೆ ಬಿಟ್ಟು ಟ್ಯೂಬಿನ ಕ್ರೀಮು. ಸಣ್ಣ ಗಾಯಕ್ಕೆ ಉಜ್ಜಲು ಒಂದು ತುಂಡು ಪಟಿಕ.

ಬಲೂನಿಗೆ ನೊರೆ ಹಚ್ಚಿ ಹೆರೆಯತೊಡಗಿದೆ. ಹನ್ನೆರಡರಲ್ಲಿ ಏಳು ಢಬ್ಬೆಂದವು. ಪ್ರತಿ ಸದ್ದಿಗೂ ಒಳಗಿನಿಂದ ಅಪ್ಪನ ದನಿ: "ಈಗ ಎಷ್ಟನೇ ಹೆಣ ಬಿತ್ತೇ?" ಎಂಟನೆಯದಕ್ಕೆ ನನ್ನನ್ನು ಹತ್ತಿರ ಕರೆದು, ಕೈ ನೋಡುತ್ತ ಕೂತರು.

"ನೀ ಬ್ರೇಕ್ ತುಳೀತಾ ಇದೀಯ. ಇಳಿಜಾರಲ್ಲಿ ಜೀಪು ಗೇರಲ್ಲೇ ಇಳೀಬೇಕು. ಅದರ ಭಾರ ಅದೇ ನೋಡ್ಕೊಳ್ತದೆ."

ಮೊಬೈಲಿನವರೂ "ಒತ್ತಬೇಡಿ" ಎಂದೇ ಹೇಳಿದ್ದರು. ಕೇಳಿಸಿಕೊಂಡಿದ್ದು ನನ್ನ ಕಿವಿ ಮಾತ್ರ, ಕೈಯಲ್ಲ. ಉಳಿದ ಐದು ಬಲೂನುಗಳು ಬದುಕಿದವು.

ಮೋಸ ಹೋದವರನ್ನು ಕುರಿತು ನಾವು "ನುಣ್ಣಗೆ ಬೋಳಿಸಿದರು" ಎನ್ನುತ್ತೇವಲ್ಲ, ಆ ಮಾತನ್ನು ಕಟ್ಟಿದವರು ಕತ್ತಿಯೆದುರು ಕೊರಳು ಚಾಚಿ ಕೂತು ಬಲ್ಲವರೇ ಇರಬೇಕು. ನಂಬದೆ ಯಾರೂ ಗಲ್ಲ ಎತ್ತಿ ಕೊಡುವುದಿಲ್ಲ. ಇವತ್ತು ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕೂರಿಸಿ, ಉದ್ದ ಗಡ್ಡವನ್ನು ಕತ್ತರಿಯಿಂದ ಮೋಟು ಮಾಡಿ ನೊರೆ ಹಚ್ಚಿದಾಗ ಅಪ್ಪ ಗಲ್ಲ ಎತ್ತಿ ಕಣ್ಣು ಮುಚ್ಚಿದರು. ಎಡಗೆನ್ನೆ, ಕೊರಳು ಸಲೀಸಾಗಿ ಮುಗಿದವು. ಬಲಗೆನ್ನೆಗೆ ಬಂದು "ನೋವಾದ್ರೆ ಹೇಳಿ ಅಪ್ಪ" ಎನ್ನಲು ಹೋಗಿ ತಡೆದುಕೊಂಡೆ. ಅಲ್ಲಿ ಅವರಿಗೆ ನೋವು ತಿಳಿಯುವುದಿಲ್ಲ. ಕೊಯ್ದರೆ ಮೊದಲು ತಿಳಿಯುವುದು ನನಗೇ. ದವಡೆಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಎದ್ದಿತು. ಬಟ್ಟೆ ಒತ್ತಿ ಹಿಡಿದು, ಉಸಿರನ್ನೂ ಹಿಡಿದು ನಿಂತೆ. ರಕ್ತ ನಿಂತಿತು. ಪಟಿಕ ಸವರಿದೆ.

ಅಪ್ಪ ಎಡಗೈಯಿಂದ ಬಲಗೆನ್ನೆ ಮುಟ್ಟಿ ನೋಡಿಕೊಂಡರು. "ಕೆನ್ನೆಗೆ ಗೊತ್ತಾಗ್ತಾ ಇಲ್ಲ. ಕೈಗೆ ಗೊತ್ತಾಗ್ತಿದೆ" ಎಂದರು. ಆಮೇಲೆ, "ಕುರ್ಚಿ ಜಗಲಿಗೆ ಹಾಕು."

ಈಗ ಅಲ್ಲೇ ಕೂತಿದ್ದಾರೆ. ಹಾರ್ನ್ ಹೊಡೆದು ಹೋದ ಜೀಪೊಂದಕ್ಕೆ ಎಡಗೈ ಎತ್ತಿದ್ದನ್ನು ಈ ಸಾಲು ಬರೆಯುತ್ತಲೇ ನೋಡಿದೆ. ಬಾಯಿಯ ಬಲಮೂಲೆಯಲ್ಲಿ ಒಂದು ತುಂಡು ಗಡ್ಡ ಹಾಗೇ ಉಳಿದಿದೆ. ಜೋತ ಚರ್ಮಕ್ಕೆ ಬ್ಲೇಡು ತಾಗಿಸಲು ನನಗೆ ಧೈರ್ಯವಾಗಲಿಲ್ಲ. ಅಲ್ಲಿ ಚರ್ಮವನ್ನು ಯಾವ ಕಡೆಗೆ ಎಳೆದು ಹಿಡಿಯಬೇಕೆಂದು ಈ ದಿನಚರಿ ಓದುವ ನಿಮ್ಮಲ್ಲಿ ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ನಾಳೆ ಬೇಡ, ಗಾಯ ಆರಲಿ. ನಾಡಿದ್ದು ಮಂಗಳವಾರ, ಕ್ಷೌರ ಮಾಡುವಂತಿಲ್ಲ. ಬುಧವಾರ ಬೆಳಗಾಗುವುದರೊಳಗೆ ತಿಳಿಸಿದರೆ ಸಾಕು.