ಒಂದಿಂಚು ಜಾಸ್ತಿ ಬಿಟ್ಟ ಅರ್ಜಿ

ನಮ್ಮ ಚಿಕ್ಕಮ್ಮ ಮೂವತ್ತೊಂದು ವರ್ಷದಿಂದ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಅವಳು ಹೊಲಿದ ಬಟ್ಟೆ ಬಿಗಿಯಾಯಿತು ಅಂತ ಯಾರೂ ದೂರಿದ್ದಿಲ್ಲ. ಅಳತೆ ಎಷ್ಟೇ ಇರಲಿ, ಒಂದಿಂಚು ಬಟ್ಟೆಯನ್ನು ಒಳಗೆ ಮಡಿಸಿ ಬಿಟ್ಟೇ ಹೊಲಿಗೆ ಹಾಕುತ್ತಾಳೆ. "ಜನ ಏನು ಹೇಳಿ ಕೇಳಿ ದಪ್ಪ ಆಗ್ತಾರಾ?" ಎನ್ನುವುದು ಅವಳ ವಾದ. ದಪ್ಪಗಾದವರು ಮುಖ ಸಣ್ಣ ಮಾಡಿಕೊಂಡು ಬಂದರೆ, ಹೊಲಿಗೆ ಬಿಚ್ಚಿ ಒಳಗಿನದನ್ನು ಹೊರಗೆ ತೆಗೆದು ಕೊಡುತ್ತಾಳೆ. ನಮ್ಮ ಬೀದಿಯ ಅರ್ಧ ಜನ ಅವಳ ಭರವಸೆಯ ಮೇಲೆಯೇ ಹೊಟ್ಟೆ ತುಂಬ ಊಟ ಮಾಡುತ್ತಾರೆ.

ಇಂಥ ಚಿಕ್ಕಮ್ಮ ಒಂದು ಮಧ್ಯಾಹ್ನ ಮೂರು ಗಂಟೆಗೆ ಚಿಕ್ಕಪ್ಪನನ್ನು ಎಳೆದುಕೊಂಡು ನಮ್ಮ ಮನೆಗೆ ನುಗ್ಗಿದಳು. ಹೊಲಿಗೆ ತರಬೇತಿ ಕೇಂದ್ರಕ್ಕೆ ಶಿಕ್ಷಕಿ ಬೇಕಂತೆ. ಐವತ್ತು ತುಂಬಿರಬಾರದು. ಅವಳಿಗೆ ತುಂಬುವುದು ಮುಂದಿನ ತಿಂಗಳು. ಅರ್ಜಿಗೆ ಕೊನೆಯ ದಿನ ಅವತ್ತೇ, ಸಂಜೆ ಐದಕ್ಕೆ.

"ಇದು ತಪ್ಪಿದ್ರೆ ಮುಗೀತು ಕಣೇ. ಇನ್ನೊಂದು ಸಲ ನಂಗೆ ನಲವತ್ತೊಂಬತ್ತು ಆಗಲ್ಲ," ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ಗಡಿಯಾರದ ಮೇಲೇ ಇತ್ತು.

ನಾನು ಗ್ರಂಥಾಲಯದಲ್ಲಿ ಪುಸ್ತಕಗಳ ಹೆಸರು ಟೈಪ್ ಮಾಡುವವಳು. ಅಷ್ಟಕ್ಕೇ ನಮ್ಮ ಮನೆತನದಲ್ಲಿ ಕಂಪ್ಯೂಟರ್ ಪಂಡಿತೆ ಎಂದು ಹೆಸರಾಗಿದ್ದೇನೆ. ಜಂಬದಿಂದಲೇ ಅರ್ಜಿ ತೆರೆದೆ. ತೆರೆದವಳೇ ತಣ್ಣಗಾದೆ. ಅದು ಯಾವುದೋ ಕಾಲದ ಕಾಗದ, ಯಾರೋ ಅವಸರದಲ್ಲಿ ಸ್ಕ್ಯಾನ್ ಮಾಡಿದ್ದರು. ಪುಟ ಸೊಟ್ಟಗಿತ್ತು. ಮೂಲೆಯಲ್ಲಿ ಆ ಪುಣ್ಯಾತ್ಮನ ಹೆಬ್ಬೆರಳೂ ಬಂದಿತ್ತು. ಕೆಳಗೆ ಮಾತ್ರ ಗತ್ತಿನ ಸೂಚನೆ: ಕಂಪ್ಯೂಟರಿನಲ್ಲೇ ತುಂಬಿ ಇಮೇಲ್ ಮಾಡತಕ್ಕದ್ದು, ಕೈಬರಹದ ಅರ್ಜಿಗಳನ್ನು ತಿರಸ್ಕರಿಸಲಾಗುವುದು.

ಚಿತ್ರದ ಮೇಲೆ ಅಕ್ಷರ ಮೂಡುವುದಿಲ್ಲವಲ್ಲ! ಹಾಗಾಗಿ ಒಂದೊಂದು ಉತ್ತರಕ್ಕೂ ಒಂದೊಂದು ಬಿಳಿ ಚೌಕ ಮಾಡಿ, ಅದರಲ್ಲಿ ಟೈಪ್ ಮಾಡಿ, ಚುಕ್ಕೆ ಸಾಲಿನ ಮೇಲೆ ತಂದು ಕೂರಿಸಬೇಕಾಯಿತು. ಚಿಕ್ಕಪ್ಪ ಬಸ್ ಡ್ರೈವರ್. ಬೆನ್ನ ಹಿಂದೆ ನಿಂತು, ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರ್ ಕೂಗುವ ಧಾಟಿಯಲ್ಲೇ ಕೂಗತೊಡಗಿದ. "ಎಡಕ್ಕೆ... ಇನ್ನೂ ಎಡಕ್ಕೆ... ಬಾ ಬಾ ಬಾ... ಹೋಲ್ಡಾನ್!"

ಚಿಕ್ಕಮ್ಮನಿಗೆ ಸಮಾಧಾನವಿಲ್ಲ. ಕತ್ತಿನಲ್ಲಿದ್ದ ಟೇಪು ತೆಗೆದು ಪರದೆಯ ಮೇಲೆ ಸಾಲಿನ ಉದ್ದ ಅಳೆದಳು. ಸೊಂಟದ ಚೀಲದಿಂದ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಪರದೆಗೇ ಗೀಟು ಎಳೆದುಬಿಟ್ಟಳು. ನಾನು ಪುಟವನ್ನು ಮೇಲಕ್ಕೆ ಸರಿಸಿದೆ.

"ಅಯ್ಯೋ! ಗುರುತು ಇಲ್ಲೇ ಇದೆ, ಬಟ್ಟೆ ಎಲ್ಲಿಗೇ ಓಡ್ತು?"

ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ನಕ್ಕು ಗಡಿಯಾರ ನೋಡಿದರೆ ನಾಲ್ಕೂವರೆ. ಉತ್ತರಗಳನ್ನೆಲ್ಲ ತುಂಬಿದ್ದಾಗಿತ್ತು, ಕಳಿಸುವುದಷ್ಟೇ ಬಾಕಿ. ಆಗಲೇ ಇಂಟರ್‌ನೆಟ್ ಕೈಕೊಟ್ಟಿತು. ನಾನು ಪಕ್ಕದ ಮನೆಯವರ ಕೈಕಾಲು ಹಿಡಿದು ವೈಫೈ ಪಾಸ್‌ವರ್ಡ್ ತರಲು ಓಡಿದೆ. ಅವರೋ, ಅದನ್ನು ಬರೆದಿಟ್ಟ ಚೀಟಿಯನ್ನು ಇಪ್ಪತ್ತು ನಿಮಿಷ ಹುಡುಕಿದರು. ವಾಪಸು ಬಂದಾಗ ಮೌಸ್ ಚಿಕ್ಕಮ್ಮನ ಕೈಯಲ್ಲಿತ್ತು, ಗಂಡ ಹೆಂಡತಿ ಇಬ್ಬರ ಮುಖದಲ್ಲೂ ಏನೋ ಸಾಧಿಸಿದ ಕಳೆ.

"ಎಲ್ಲಾ ಸರಿಮಾಡಿದೀನಿ, ಕಳ್ಸೇ ಬೇಗ!"

ನಾಲ್ಕು ಐವತ್ತಾರು. ಕಣ್ಣು ಮುಚ್ಚಿ ಕಳಿಸಿದೆ. ಹೋಯಿತು! ಚಿಕ್ಕಮ್ಮ ನನ್ನನ್ನು ಹಿಡಿದು ಗಿರಗಿರ ತಿರುಗಿಸಿದಳು. ಚಿಕ್ಕಪ್ಪ ಬಾಯಲ್ಲೇ ಹಾರ್ನ್ ಹೊಡೆದ. ಆ ಸಂಭ್ರಮದಲ್ಲೇ, ಕಳಿಸಿದ್ದನ್ನು ಒಮ್ಮೆ ಕಣ್ತುಂಬ ನೋಡೋಣವೆಂದು ತೆರೆದೆ.

ಪುಟದಲ್ಲಿ ಒಂದೇ ಒಂದು ಪ್ರಶ್ನೆಯೂ ಇರಲಿಲ್ಲ. 'ಇಲ್ಲ. ಇಲ್ಲ. ಹೌದು. ಮೂವತ್ತೊಂದು ವರ್ಷ. ನನ್ನ ಅಮ್ಮ. ಎಲ್ಲರಿಗೂ.' ಹೀಗೇ ಕೊನೆಯವರೆಗೂ ಬರೀ ಉತ್ತರಗಳು, ಮೂಲೆಯಲ್ಲಿ ಹೆಬ್ಬೆರಳು.

"ಚಿಕ್ಕಮ್ಮಾ, ಏನು ಮಾಡ್ದೆ?"

"ನೀನು ಮಾಡಿದ ಚೌಕ ಎಲ್ಲಾ ಬಿಗಿಯಾಗಿದ್ವಲ್ಲೇ. ಅಕ್ಷರಕ್ಕೆ ಉಸಿರಾಡೋಕೂ ಜಾಗ ಇರ್ಲಿಲ್ಲ. ಹಿಗ್ಗಿಸಿ ಸುತ್ತಲೂ ಒಂದೊಂದು ಇಂಚು ಬಿಟ್ಟೆ."

"ನಾನೂ ನೋಡ್ದೆ, ಎಷ್ಟು ಚೊಕ್ಕವಾಯ್ತು ಅಂದ್ಕೊಂಡೆ," ಎಂದ ಚಿಕ್ಕಪ್ಪ. ಅವನ ದನಿ ಬರಬರುತ್ತಾ ಇಳಿಯಿತು.

ಅಷ್ಟರಲ್ಲಿ ಐದು ಹೊಡೆದಿತ್ತು. ಚಿಕ್ಕಮ್ಮ ಟೇಪು ಸುತ್ತಿಕೊಂಡು ಮನೆಗೆ ಹೋದಳು. ನನ್ನ ಮೇಲೆ ನನಗೇ ಸಿಟ್ಟು ಬಂತು. ಒಂದು ಸಲ ಕಣ್ಣಾಡಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮಾರನೆಯ ಬೆಳಿಗ್ಗೆ ಸಮಾಧಾನ ಹೇಳಲು ಅವಳ ಮನೆಗೆ ಹೋಗಿ ಕೂತಿದ್ದೆ. ಆಗ ಫೋನು ಬಂತು. ತರಬೇತಿ ಕೇಂದ್ರದ ಗುಮಾಸ್ತರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಏನಮ್ಮಾ ಇದು? ಪ್ರಶ್ನೆಗಳೇ ಇಲ್ಲದ ಅರ್ಜಿ? ಇದನ್ನ ತಿರಸ್ಕರಿಸಬೇಕಾಗತ್ತೆ."

ಚಿಕ್ಕಮ್ಮ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದಳು: "ಇಲ್ಲ ಸಾರ್, ನಾನು ಏನನ್ನೂ ಕತ್ತರಿಸಿ ಎಸೆಯಲ್ಲ. ಒಳಗೇ ಇರತ್ತೆ. ಬಿಚ್ಚಿ ನೋಡಿ."

"ಬಿಚ್ಚೋದಾ?"

ನಾನು ಫೋನಿಗೆ ಬಾಯಿ ಹಾಕಿ, ಚೌಕವನ್ನು ಮೌಸಿನಿಂದ ಹಿಡಿದು ಪಕ್ಕಕ್ಕೆ ಎಳೆಯಿರಿ ಎಂದು ಕೂಗಿದೆ. ಆ ಕಡೆ ಮೌಸ್ ಕಟಕಟ ಎಂದಿತು. ಆಮೇಲೆ, "ಅಯ್ಯಯ್ಯೋ, ಇದೆ ಕಣ್ರೀ!" ಎಂಬ ಕೂಗು. ಆ ಮನುಷ್ಯನಿಗೆ ಹುರುಪು ಹತ್ತಿಬಿಟ್ಟಿತು. ಒಂದೊಂದೇ ಚೌಕ ಸರಿಸುವುದು, ಪ್ರಶ್ನೆ ಓದುವುದು, ಉತ್ತರ ಓದುವುದು, ನಗುವುದು. ಪರೀಕ್ಷೆ ಪಾಸಾಗಿದ್ದೇ ಅವರು ಎನ್ನುವಂತೆ! ಕೊನೆಯದಕ್ಕೆ ಬಂದರು.

"ಈ ಹುದ್ದೆಯನ್ನು ಏಕೆ ಬಯಸುತ್ತೀರಿ?" ಎಂದು ಓದಿ, ಕೆಳಗಿನ ಉತ್ತರವನ್ನೂ ಓದಿದರು. "'ಮೂವತ್ತೊಂದು ವರ್ಷ ಗೋಡೆ ನೋಡಿಕೊಂಡು ಹೊಲಿದಿದ್ದೇನೆ. ಇನ್ನು ಮುಂದೆ ಜನರ ಮುಖ ನೋಡಿಕೊಂಡು ಹೊಲಿಯಬೇಕು.'"

ಆ ಕಡೆಯ ನಗು ನಿಂತಿತು. ಟೈಪ್ ಮಾಡಿದ್ದು ನಾನೇ, ಆದರೂ ಆ ಗಡಿಬಿಡಿಯಲ್ಲಿ ಅದರ ಅರ್ಥ ನನ್ನೊಳಗೆ ಇಳಿದಿರಲಿಲ್ಲ. ಈಗ ಇಳಿಯಿತು.

"ಅರ್ಜಿ ಸರಿ ಇದೆಯಮ್ಮಾ," ಎಂದರು ಗುಮಾಸ್ತರು ಮೆತ್ತಗೆ. "ಗುರುವಾರ ಹತ್ತು ಗಂಟೆಗೆ ಸಂದರ್ಶನಕ್ಕೆ ಬನ್ನಿ."

ಚಿಕ್ಕಮ್ಮ ಫೋನ್ ಇಟ್ಟಳು. ಕೇಕೆ ಹಾಕುತ್ತಾಳೆಂದು ಕಾದೆ, ಹಾಕಲಿಲ್ಲ. ನೇರವಾಗಿ ಗೋಡೆಗೆ ಮುಖಮಾಡಿದ್ದ ಹೊಲಿಗೆ ಮೆಷಿನ್ ಹತ್ತಿರ ಹೋಗಿ ಅದರ ಒಂದು ಬದಿ ಹಿಡಿದುಕೊಂಡಳು.

"ರೀ, ಬನ್ನಿ ಇಲ್ಲಿ. ಆ ಕಡೆ ಹಿಡೀರಿ. ಇದನ್ನ ಬೀದಿ ಬಾಗಿಲ ಕಡೆಗೆ ತಿರುಗಿಸೋಣ."

"ಗುರುವಾರ ಆಗ್ಲಿ ತಾಳೇ, ಕೆಲಸ ಇನ್ನೂ ಸಿಕ್ಕಿಲ್ಲ," ಎಂದ ಚಿಕ್ಕಪ್ಪ.

"ಗುರುವಾರದ ತನಕ ಯಾರು ಕಾಯ್ತಾರೆ? ಹಿಡೀರಿ!"