ಎರಡನೇ ಗುಂಡಿ ಇಲ್ಲದ ಕೋಟು

ಹೊಸ ಬೀಗರು ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ ನಮ್ಮಜ್ಜನ ಮಾನ ಹರಾಜಾಯಿತು. ಚಹಾದ ಲೋಟ ಹಿಡಿದು ಅಜ್ಜನ ಫೋಟೋ ನೋಡುತ್ತಿದ್ದ ಬೀಗರು ಇದ್ದಕ್ಕಿದ್ದಂತೆ, "ಅರೇ! ನಮ್ಮನೆ ಅಜ್ಜನದೂ ಇದೇ ಕೋಟು, ಇದೇ ಕುರ್ಚಿ, ಇದೇ ಕೈಕೋಲು ಕಣ್ರೀ! ಇಬ್ಬರೂ ಒಂದೇ ಕೋಟನ್ನ ಸರದಿ ಮೇಲೆ ಹಾಕ್ಕೋತಿದ್ರಾ?" ಅಂದರು.

ಫೋಟೋಗೆ ಹೊಸ ಕಟ್ಟು ಹಾಕಿ ತಂದಿದ್ದ ಟಚಪ್ಪ ಅಲ್ಲೇ ಇದ್ದ. ಗಾಜು ಕೂರಿಸುವುದೊಂದು ಬಾಕಿ. ಅವನ ತಂಗಿ ಗಾಜು ಒರೆಸುತ್ತಿದ್ದಳು. "ಆಗಿನ ಕೋಟುಗಳೇ ಹಾಗೆ ಸ್ವಾಮಿ, ಎಲ್ಲಾ ಒಂದೇ ಥರ" ಎಂದು ತಡವರಿಸುತ್ತಾ ಟಚಪ್ಪ ಹೆಬ್ಬೆರಳಿಗೆ ಎಂಜಲು ಹಚ್ಚಿ, ಇಲ್ಲದ ಧೂಳನ್ನು ಉಜ್ಜಿದ. ಅಜ್ಜನ ಕೋಟಿಗೆ ಬಣ್ಣದಲ್ಲಿ ಬರೆದಿದ್ದ ಎರಡನೇ ಗುಂಡಿ ಅಳಿಸಿ ಅವನ ಬೆರಳಿಗೆ ಬಂತು. ಅದು ಇದ್ದ ಜಾಗದಲ್ಲಿ ಕಿತ್ತ ದಾರದ ತುಣುಕು ಮಾತ್ರ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿ ನಗಲಿಲ್ಲ.

ಹಳೇ ಫೋಟೋ ತಿದ್ದಿ 'ಟಚಪ್' ಮಾಡುವುದು ಟಚಪ್ಪನ ಕಸುಬು; ಹೆಸರೂ ಅದರಿಂದಲೇ ಬಂದದ್ದು. ಫೋಟೋನೇ ಇಲ್ಲದ ಹಿರಿಯರನ್ನೂ ಮಾಡಿಕೊಡುತ್ತಿದ್ದ: ಮಗನ ಹಣೆ, ಮಗಳ ಗಲ್ಲ, ಚಿಕ್ಕಪ್ಪನ ಹುಬ್ಬು ಜೋಡಿಸಿ, ಕತ್ತಿನ ಕೆಳಗೆ ಈ ಕೋಟಿನ ಮೈ ಅಂಟಿಸಿ, ಹೊಸದಾಗಿ ಫೋಟೋ ತೆಗೆದು, ಮೇಲೆ ಕುಂಚ ಆಡಿಸುವುದು. ತಲೆಮಾರುಗಳು ಹಾಗೆ ತಯಾರಾಗುತ್ತಿದ್ದವು. ತಲೆ ಮಾರುವವನೇ ಅವನು. ಬೆನ್ನಿಗೆ ರಟ್ಟು ಕತ್ತರಿಸಿ ಅಂಟಿಸುವ ಕೆಲಸ ತಂಗಿಯದು. ಆ ಕೋಟಿಗೆ ಅವಳು ಅದೆಷ್ಟು ಸಲ ಅಂಟು ಬಳಿದಿದ್ದಳೋ!

ಬೀಗರು ಹೋದ ಮೇಲೆ ಅವಳು ಬಾಯಿಬಿಟ್ಟಳು.

"ಅಣ್ಣಾ, ಇದು ಅಪ್ಪನ ಕೋಟು."

ಟಚಪ್ಪ ಬೆರಳಿಗಂಟಿದ ಬಣ್ಣವನ್ನು ಪಂಚೆಗೆ ಒರೆಸಿಕೊಂಡ.

"ಅಪ್ಪ ಫೋಟೋ ತೆಗೆಸೋಕೆ ಸ್ಟುಡಿಯೋಗೆ ಹೊರಟಾಗ ಗುಂಡಿ ಕಿತ್ತು ಬಾಯಿಗೆ ಹಾಕ್ಕೊಂಡಿದ್ದು ನಾನೇ ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ದಳು. ಆ ಫೋಟೋ ಗೆದ್ದಲು ತಿಂತು ಅಂದಿದ್ದೆಯಲ್ಲ?"

"ಅಂದಿದ್ದೆ."

"ಆ ಗೆದ್ದಲು ನೀನೇನಾ?"

ಫೋಟೋ ತೆಗೆಸಿದ ವರ್ಷವೇ ಅಪ್ಪ ಜ್ವರದಲ್ಲಿ ಹೋಗಿದ್ದ. ಕೈಗೂಸಾಗಿದ್ದ ಅವಳಿಗೆ ಅಪ್ಪನ ಮುಖ ಗೊತ್ತಿಲ್ಲ. ಇದ್ದದ್ದೊಂದೇ ಪ್ರತಿ.

"ಅಂಗಡಿ ಶುರು ಮಾಡಿದಾಗ ನನ್ನ ಹತ್ತಿರ ಇದ್ದ ಒಳ್ಳೇ ಕೋಟು ಅದೊಂದೇ ಕಣೇ" ಅಂದ ಟಚಪ್ಪ.

"ಕೋಟು ಹಾಳಾಗಲಿ. ತಲೆ ಎಲ್ಲಿ?"

"ಬಟ್ಟೆ ಅಂಗಡಿಯವರ ಮನೇಲಿ. ಅವರಜ್ಜನ ಮುಖ ಯಾರಿಗೂ ನೆನಪಿರಲಿಲ್ಲ. ಗಂಭೀರವಾದ್ದು ಯಾವುದಾದರೂ ಹಾಕಿ ಅಂದ್ರು."

"ನಿನಗೆ ನೆನಪಿದೆಯಲ್ಲ, ಅಪ್ಪನ್ನ ಬರೆದುಕೊಡು."

"ಕಣ್ಣು ಮುಚ್ಚಿದರೆ ಬರೀ ಗಿರಾಕಿಗಳ ಅಜ್ಜಂದಿರೇ ಬರ್ತಾರೆ."

ಮರುದಿನ ಅಣ್ಣ ತಂಗಿ ಜೊತೆ ನಾನೂ ಸೇರಿ ಮೂವರೂ ಬಟ್ಟೆ ಅಂಗಡಿಯವರ ಮನೆಗೆ ಹೋದೆವು. ಹಳೇ ಕೆಲಸ ನೋಡೋಕೆ ಬಂದ್ವಿ ಅಂತ ನಾನೇ ಸುಳ್ಳು ಹೇಳಿದೆ. ಸೊಸೆ ಹೆಮ್ಮೆಯಿಂದ ಮಕ್ಕಳನ್ನು ಫೋಟೋ ಕೆಳಗೆ ನಿಲ್ಲಿಸಿದಳು. "ನೋಡಿ, ಎಲ್ಲರದೂ ಮುತ್ತಜ್ಜನ ಮೂಗೇ! ರಕ್ತ ಅಂದ್ರೆ ಸುಮ್ಮನೇನಾ?"

ತಂಗಿ ಅಲ್ಲಾಡದೆ ನೋಡಿದಳು. ಸೆರಗಿನಲ್ಲಿ ಗಾಜು ಒರೆಸಿದಳು. "ಒರೆಸಿದ್ದೀವಿ ಬಿಡಿ" ಅಂದಳು ಸೊಸೆ, ಸ್ವಲ್ಪ ಬಿಗುಮಾನದಿಂದಲೇ.

ಬೀದಿಗೆ ಬಂದ ಮೇಲೆ ತಂಗಿ ತನ್ನ ಮೂಗು ಮುಟ್ಟಿಕೊಂಡಳು. "ಅಣ್ಣಾ, ನನ್ನದು ಹಾಗಿಲ್ಲವಲ್ಲ. ನಾನು ಪೂರಾ ಅಮ್ಮನ ಕಡೆಗೇ ಹೋದೆನಾ?"

"ಆ ಮೂಗು ಆ ಮನೆಯವರದೇ. ಅಪ್ಪನದು ಹಿಡಿಸಲಿಲ್ಲ ಅಂದ್ರು, ತಿದ್ದಿದೆ."

"ಕಣ್ಣು?"

"ತೀರಾ ದಿಟ್ಟಿಸ್ತಾವೆ ಅಂದ್ರು."

"ಬಾಯಿ?"

"ಮೀಸೆ ಕೇಳಿದ್ರು."

ಅವಳು ನಡುಬೀದಿಯಲ್ಲೇ ನಿಂತಳು. "ಹಾಗಾದ್ರೆ ಇಷ್ಟೊತ್ತು ನಾನು ಯಾರನ್ನ ನೋಡಿ ಅಳು ನುಂಗಿಕೊಂಡೆ? ಅದರಲ್ಲಿ ಅಪ್ಪ ಎಲ್ಲಿದ್ದಾರೋ?"

ಟಚಪ್ಪ ಕತ್ತು ಓರೆ ಮಾಡಿ, ಕೆಲಸಗಾರನ ಪ್ರಾಮಾಣಿಕತೆಯಿಂದ ನೆನಪಿಸಿಕೊಂಡ.

"ಎಡಗಿವಿ" ಅಂದ. "ಅದನ್ನ ಮುಟ್ಟಿಲ್ಲ."